ಉಜ್ಜಿದರೆ ಹೋಗುವ ದಿಷ್ಟಿ

"ಇನ್ನಸಿ ತಡ್ಕೊ ಕೂಸೇ, ಅಳಬ್ಯಾಡ. ಈ ಕಣ್ದು ಮುಗೀತು, ಆ ಕಣ್ಣು ಕೊಡು."

ರೋಜಾ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು. ಅಂದು ನಾಟಿ ಬೇಗ ಮುಗಿದು, ಕಾಲಿನ ಕೆಸರನ್ನೂ ತೊಳೆಯದೆ ಬಂದಿದ್ದಳು. ಪಡಸಾಲೆಯಲ್ಲಿ ಅತ್ತೆ ರಾಚಮ್ಮ, ಮೊಮ್ಮಗಳು ಪವಿತ್ರಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಮುಚ್ಚಿದ ರೆಪ್ಪೆಯ ಮೇಲೆ ಗಸಗಸನೆ ತಿಕ್ಕುತ್ತಿದ್ದಳು. ರಾಗಿಕಲ್ಲು ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈ. ಬಾಯಲ್ಲಿ ಬೇರೆ ಮಂತ್ರ: "ಬೀದಿ ಕಣ್ಣು, ಬಾವಿಕಟ್ಟೆ ಕಣ್ಣು, ಕಂಡೋರ ಕಣ್ಣು, ಕಾಣದೋರ ಕಣ್ಣು..."

"ಏನತ್ತೆ ಇದು!"

"ಡಾಕ್ಟ್ರು ಏಳಿದ್ದು ಕನವ್ವ. ಮತ್ತಿನ್ನೇನು?" ಎಂದಳು ರಾಚಮ್ಮ, ಕೈ ನಿಲ್ಲಿಸದೆ.

ಬೇಸಿಗೆಯಲ್ಲೇ ಮಗುವಿಗೆ ಕಣ್ಣಿನ ನವೆ ಶುರುವಾಗಿತ್ತು. ಹೊತ್ತು ಗೊತ್ತಿಲ್ಲದೆ ಮುಷ್ಟಿ ಕಟ್ಟಿ ಉಜ್ಜಿಕೊಳ್ಳುತ್ತಿದ್ದಳು. ಮುಂಗಾರಿಗೆ ರೋಜಾ ಮುಯ್ಯಾಳಾಗಿ ಊರವರ ಗದ್ದೆಗೆಲ್ಲ ನಾಟಿಗೆ ಹೋಗಬೇಕಿತ್ತು; ಮುಯ್ಯಿ ತಪ್ಪಿಸಿದರೆ ನಾಳೆ ತನ್ನ ಗದ್ದೆಗೆ ಯಾರು ಇಳಿದಾರು? ಹಾಗಾಗಿ ಅತ್ತೆಯೇ ಮೊಮ್ಮಗಳನ್ನು ಮೂಗೂರಿನಿಂದ ಬಸ್ಸು ಹತ್ತಿಸಿಕೊಂಡು ನರಸೀಪುರದ ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದಿದ್ದಳು. "ಅನಿ ಬುಡಬೇಕಂತೆ. ದಿಷ್ಟಿ ಓಯ್ತದಂತೆ," ಎಂದಿದ್ದಳು. ಡಾಕ್ಟರ ಬಾಯಿಗೂ ಅತ್ತೆ ತನ್ನ ಮಾತನ್ನೇ ತುರುಕಿದಳೆಂದು ರೋಜಾ ನಕ್ಕು ಸುಮ್ಮನಾಗಿದ್ದಳು. ಆಮೇಲೆ ದೀಪಕ್ಕೆ ಬಾಲ ಬಂದದೆ ಅಂತ ಮಗಳು ಅಂದಾಗಲೂ ಅಷ್ಟೆ. ಅಜ್ಜಿಯ ಕತೆ ಕೇಳಿ ಬೆಳೆದ ಕೂಸು, ಏನಾದರೊಂದು ಹೇಳುತ್ತದೆ.

ಈಗ ಮಗಳ ಗಲ್ಲ ಹಿಡಿದು ಮುಖ ಎತ್ತಿದಳು. ಎರಡೂ ಕಣ್ಣು ಕೆಂಡವಾಗಿದ್ದವು.

"ಅವ್ವ," ಪವಿತ್ರ ಕಿಸಕ್ಕನೆ ನಕ್ಕಳು. "ನಿನ್ ಮೂಗ್ಬೊಟ್ಟು ಮೂರದೆ!"

ಈ ಸಲ ರೋಜಾ ನಗಲಿಲ್ಲ. ಮಗಳ ಬಲಗಣ್ಣಿಗೆ ಅಂಗೈ ಅಡ್ಡವಿಟ್ಟು, ಇನ್ನೊಂದು ಕೈಯ ಬೆರಳು ತೋರಿಸಿದಳು. "ಎಷ್ಟು?"

"ಬೆರಳಾ ಅವು? ಒಲೆ ಒಗೆ ಇದ್ದಂಗದೆ."

ಅತ್ತೆಯನ್ನೂ ಕರೆದುಕೊಂಡು ಕೆಸರುಗಾಲಲ್ಲೇ ನರಸೀಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ರೋಜಾ ಮಗಳ ಎರಡೂ ಕೈಗಳನ್ನು ತನ್ನ ಮುಷ್ಟಿಯಲ್ಲಿ ಅದುಮಿಕೊಂಡಿದ್ದಳು. "ನವೆ ಅವ್ವ, ಒಂದೇ ಒಂದ್ಸಲ," ಎಂದು ಮಗು ಗೋಗರೆದರೂ ಬಿಡಲಿಲ್ಲ.

ಡಾಕ್ಟರು ಪವಿತ್ರಳ ಗಲ್ಲವನ್ನು ಯಂತ್ರದ ಮೇಲಿರಿಸಿ ಬಹಳ ಹೊತ್ತು ನೋಡಿದರು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ಇಷ್ಟೊಂದು ಉಜ್ಜಿದ್ದು ಯಾರಮ್ಮ? ಅವತ್ತೇ ಹೇಳಿದ್ದೆನಲ್ಲ?"

"ನಾನೇಯ ಸಾ," ರಾಚಮ್ಮ ಮುಂದೆ ಬಂದಳು. ಶಹಬ್ಬಾಸ್‌ಗಿರಿ ಕಾಯುವವಳಂತೆ ಮುಖ ಅರಳಿತ್ತು. "ಇಂಗೇ ಉಜ್ತಾ ಇದ್ರೆ ದಿಷ್ಟಿ ಓಯ್ತದೆ ಅಂದ್ರಲ್ಲ ನೀವು. ಕೂಸಿನ ಕೈಲಿ ಬಲ ಎಲ್ಲದೆ ಸಾ? ನಾನೇ ಉಜ್ದಿ. ಒಂದಿನನೂ ತಪ್ಪಿಸ್ನಿಲ್ಲ."

ಡಾಕ್ಟರ ಕೈಯಲ್ಲಿದ್ದ ಟಾರ್ಚು ಉರಿಯುತ್ತಲೇ ಇತ್ತು. ಅವರು ಅದನ್ನು ಆರಿಸಲು ಮರೆತಂತಿತ್ತು.

"ಅಜ್ಜಿ... ಆ ದಿಷ್ಟಿ ಅಲ್ಲ. ದೃಷ್ಟಿ ಅಂದರೆ ನೋಟ. ಕಣ್ಣು ಕಾಣೋದು. ಉಜ್ಜಿದರೆ ಕಣ್ಣೇ ಹೋಗುತ್ತೆ ಅಂದಿದ್ದೆ ನಾನು."

ರಾಚಮ್ಮನ ಮುಖದ ನಗು ಒಮ್ಮೆಗೇ ಇಳಿಯಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಸ್ವಲ್ಪ ಹೊತ್ತು ಉಳಿದಿತ್ತು.

"ಕರಿಗುಡ್ಡೆಯ ಮೇಲೆ ಗಾಜಿನಂಥ ಪದರ ಇರುತ್ತಮ್ಮ," ಡಾಕ್ಟರು ರೋಜಾಳ ಕಡೆ ತಿರುಗಿದರು. "ತಿಕ್ಕಿ ತಿಕ್ಕಿ ಎಡಗಣ್ಣಿನದು ತೆಳುವಾಗಿ ಮುಂದಕ್ಕೆ ಉಬ್ಬಿದೆ. ಅದು ಮೊದಲಿನಂತೆ ಆಗೋದಿಲ್ಲ. ಬಲಗಣ್ಣು ಇನ್ನೂ ಅಷ್ಟು ಕೆಟ್ಟಿಲ್ಲ, ಉಳಿಸ್ಕೊಬಹುದು. ನವೆಗೆ ಬೇರೆ ಹನಿ ಕೊಡ್ತೀನಿ, ನಾಳೆಯೇ ಮೈಸೂರಿಗೆ ಕರ್ಕೊಂಡು ಹೋಗಿ. ಆದರೆ ಇನ್ಮೇಲೆ ಕೈ ಸೋಕಬಾರದು. ಇವಳದೂ ಸೋಕಬಾರದು, ನಿದ್ದೆಯಲ್ಲೂ."

ಬಸ್‌ಸ್ಟ್ಯಾಂಡ್ ಮುಟ್ಟುವವರೆಗೆ ರೋಜಾ ತುಟಿ ಕಚ್ಚಿಕೊಂಡಿದ್ದಳು. ಅಲ್ಲಿ ಕಟ್ಟೆಯೊಡೆಯಿತು.

"ಅರ್ಥ ಆಗ್ದಿದ್ರೆ ಕೇಳಕ್ಕೇನಾಗಿತ್ತು ನಿಂಗೆ? ಬಾಯಿರ್ನಿಲ್ವಾ?"

"ಅರ್ತ ಆಗಿತ್ತಲ್ಲವ್ವ," ಎಂದಳು ರಾಚಮ್ಮ, ಸಣ್ಣ ದನಿಯಲ್ಲಿ. "ಅದ್ಕೇ ಕೇಳ್ನಿಲ್ಲ."

ರೋಜಾ ಮಗಳ ಕೈ ಹಿಡಿದು ಬಸ್ಸಿನ ಕಡೆ ನಡೆದಳು.

ಊರಿನ ಬಸ್ಸಿನಲ್ಲಿ ಪವಿತ್ರ ಇಬ್ಬರ ನಡುವೆ ಕೂತಳು. "ಅಜ್ಜಿ, ಕತೆ ಏಳು," ಎಂದಳು. ರಾಚಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕಂಕುಳಿಗೆ ಸೇರಿಸಿದ್ದಳು. ಕತೆ ಬರಲಿಲ್ಲ. ಮಗು ಕಾದು ಕಾದು ಅಜ್ಜಿಯ ತೋಳಿಗೊರಗಿ ನಿದ್ದೆ ಹೋಯಿತು.

ಕಂಡಕ್ಟರು ಬಂದು ಟಿಕೆಟ್ ಕೇಳಿದ. ರೋಜಾ ಚೀಲಕ್ಕೆ ಕೈ ಹಾಕಿದ್ದೇ ತಡ, ಮಗಳ ಬಲಗೈ ತನ್ನಷ್ಟಕ್ಕೆ ತಾನೇ ಮಡಿಲಿನಿಂದ ಎದ್ದಿತು. ನಿದ್ದೆಯಲ್ಲೇ ಮುಷ್ಟಿ ಕಟ್ಟಿ ಮುಖದತ್ತ ಹೊರಟಿತು. ರಾಚಮ್ಮನ ಕೈ ಸೆರಗಿನಿಂದ ಸರಕ್ಕನೆ ಹೊರಬಂದದ್ದು ಅರ್ಧದಲ್ಲೇ ನಿಂತುಬಿಟ್ಟಿತು. ಅವಳು ಸೊಸೆಯ ಮುಖ ನೋಡಿದಳು.

"ಇಡ್ಕೊ ಅತ್ತೆ," ಎಂದಳು ರೋಜಾ.

ರಾಚಮ್ಮ ಆ ಪುಟ್ಟ ಮಣಿಕಟ್ಟನ್ನು, ಗುಬ್ಬಿಮರಿಯನ್ನು ಹಿಡಿದಂತೆ ಹಿಡಿದುಕೊಂಡಳು. ಬಸ್ಸು ಕುಲುಕಿತು. ಮಗು ನಿದ್ದೆಗಣ್ಣಲ್ಲಿ ಕೊಸರಿಕೊಂಡಿತು. ಹಿಡಿ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ.