ದುಬಲಗುಂಡಿಯವಳ ಡಬಲ್ ರೋಟಿ

ಅಂಬಾದಾಸ ಹೆಗಲ ಮೇಲಿನ ಟವೆಲು ಬೀಸಿ, ಚಟ್ಟದ ಮೇಲೇರಿದ್ದ ಹುಂಜವನ್ನು ಎಬ್ಬಿಸಿದ. ಅದು ಇಳಿಯಿತು. ಇಳಿದು, ಬಂದವರ ಚಪ್ಪಲಿಗಳ ನಡುವೆ ನಿಂತು ಕತ್ತು ನಿಗುರಿಸಿ ಕೂಗಿತು. ಬಿಸಿಲು ನೆತ್ತಿಗೆ ಬರುವ ಹೊತ್ತು. ಈ ಹೊತ್ತಿನಲ್ಲಿ ಬೆಳಗಾಯಿತೆಂದು ಸಾರುವ ಹುಂಜ ಇಡೀ ಹುಮನಾಬಾದಿನಲ್ಲಿ ಇದೊಂದೇ ಇರಬೇಕು.

"ಇದನ್ನ ಯಾರರೆ ಹಿಡೀರಪಾ!" ಎಂದ.

ಹಿಡಿಯುವವರು ಯಾರು? ಮನೆಯ ಕೋಳಿಗಳು ಅವನ ಹೆಂಡತಿ ದ್ರೌಪತಿಯೊಬ್ಬಳ ಮಾತು ಕೇಳುತ್ತಿದ್ದವು. ಅವಳು ನಿನ್ನೆ ಸಂಜೆ ಹಿತ್ತಲಲ್ಲಿ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದಿದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಂಗಳದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ. ಹೊರಗೇ ಉಳಿದ ಕೋಳಿಗಳು ಮಾಡು, ಸೈಕಲ್ಲು, ಹೊರಸು ಎಲ್ಲವನ್ನೂ ಹೊಲಸು ಮಾಡಿ ಇಟ್ಟಿವೆ. ಹೆಂಡತಿ ಸತ್ತ ದಿನವೂ ಮನುಷ್ಯ ಕೋಳಿ ಕಾಯಬೇಕೆಂದರೆ ಯಾರ ಮುಂದೆ ಹೇಳಿಕೊಳ್ಳುವುದು!

ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಮಗ ಉತ್ತಮ ಬಸವಕಲ್ಯಾಣದಲ್ಲಿ ಮಾಸ್ತರ. ಬೆಳಗಿನ ಬಸ್ಸಿಗೆ ಬರುವಾಗ ಅಲ್ಲಿನ ಸಮಾಜದ ಮುಖಂಡ ಮಚ್ಚೇಂದ್ರನನ್ನೂ ಕರೆದುಕೊಂಡು ಬಂದಿದ್ದ. ಇವರ ಮನೆತನ ಬೌದ್ಧರಾಗಿ ಎಷ್ಟೋ ವರ್ಷವಾಗಿದ್ದರೂ, ಬೌದ್ಧ ಕ್ರಮದಲ್ಲಿ ಮಣ್ಣು ಮಾಡಿಸುವವರು ಓಣಿಯಲ್ಲಿ ಯಾರೂ ಇರಲಿಲ್ಲ.

"ಹಳೇ ಪದ್ಧತಿ ಒಂದೂ ಬ್ಯಾಡ್ರಿ ಅಣ್ಣಾ," ಎಂದಿದ್ದ ಮಚ್ಚೇಂದ್ರ. "ಮೊದಲ ತ್ರಿಶರಣ, ಪಂಚಶೀಲ. ಆಮ್ಯಾಲ ಮಣ್ಣ ಹಾಕೂಕಿಂತ ಮುಂಚೆ ಮನಿ ಯಜಮಾನ ತೀರಿಕೊಂಡವರ ಬಗ್ಗೆ ನಾಕ ಮಾತ ಆಡಬೇಕು. ಅಂದ್ರ ನೀವು."

"ನಾಕ ಮಾತಾ? ನಾನಾ?"

"ಹೌದ್ರಿ. ಚೊಲೊ ಮಾತು."

ಚೊಲೊ ಮಾತಂತೆ! ಕಟ್ಟಿಕೊಂಡಾಗಿನಿಂದ ಅಂಬಾದಾಸ ದ್ರೌಪತಿಯ ಮುಂದೆ ಬೈಗುಳ ಬಿಟ್ಟು ಬೇರೆ ಮಾತಾಡಿದ್ದು ಯಾರಿಗೂ ನೆನಪಿಲ್ಲ. ಅವಳೇನು ಸುಮ್ಮನೆ ಕೇಳಿಸಿಕೊಂಡವಳಲ್ಲ. ಒಂದಕ್ಕೆ ಎರಡು ತಿರುಗಿಸಿ ಕೊಟ್ಟು, ಕಡೆಯ ಮಾತು ತನ್ನದೇ ಆಗುವ ತನಕ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

"ನಿಮಗ ಆಗದಿದ್ದರ ನಿಮ್ಮ ಪರವಾಗಿ ನಾನ ಮಾತಾಡ್ತೀನಿ," ಎಂದ ಮಚ್ಚೇಂದ್ರ. "ವೈನಿಯವರ ಹೆಸರೇನಂದ್ರಿ?"

ಅಂಬಾದಾಸನಿಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಗೊತ್ತಿಲ್ಲದವನು ಚೊಲೊ ಮಾತು ಹೇಳಿ ಅವಳನ್ನು ಕಳಿಸಿಕೊಡುವುದೇ! "ನಾನ ಮಾತಾಡ್ತೀನಿ," ಎಂದುಬಿಟ್ಟ. ಅಂದ ಮೇಲೆ ಯೋಚನೆ ಹತ್ತಿತು. ಇದೊಂದು ಸಲ ಅವಳಿಗೆ ಸಲ್ಲುವ ಮಾತು ಬಾಯಿಗೆ ಬರದಿದ್ದರೆ ಇನ್ನು ಯಾವ ಕಾಲಕ್ಕೆ ಬರಬೇಕು?

*

ಮದುವೆಯಾದ ಹೊಸತು. ಈ ಸೀಮೆ ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ಕಳೆದಿರಲಿಲ್ಲ. ಹೆದ್ದಾರಿ ಪಕ್ಕದ ಮುಸಾಫರಿ ಬಂಗಲೆಯಲ್ಲಿ ಅಂಬಾದಾಸನಿಗೆ ಜವಾನನ ಕೆಲಸ ಸಿಕ್ಕಿತ್ತು. ಅಲ್ಲಿ ಇಳಿದುಕೊಂಡಿದ್ದ ಸಾಹೇಬನೊಬ್ಬ ನಾಳೆ ತಿಂಡಿಗೆ ಡಬಲ್ ರೋಟಿ, ಮೊಟ್ಟೆ ಬೇಕೆಂದ. ಡಬಲ್ ರೋಟಿಯೆಂದರೆ ಬೇಕರಿಯ ಬ್ರೆಡ್ಡು, ಹುಮನಾಬಾದಿನಲ್ಲಿ ಅದು ಗೊತ್ತಿಲ್ಲದವರಿಲ್ಲ. ಅಂಬಾದಾಸ ಮನೆಗೆ ಬಂದು, "ಮುಂಜಾನಿ ಸಾಹೇಬರಿಗೆ ಡಬಲ್ ರೋಟಿ, ತತ್ತಿ ಕಟ್ಟಿಡು," ಎಂದು ಹೇಳಿ ಮಲಗಿಬಿಟ್ಟ. ದುಬಲಗುಂಡಿಯಿಂದ ಬಂದ ಹುಡುಗಿಗೆ ಬೇಕರಿ ಯಾವ ದಿಕ್ಕಿಗಿದೆ ಎಂಬುದೇ ತಿಳಿಯದು. ಅವಳ ಹತ್ತಿರ ಇದ್ದದ್ದು ತವರಿನಿಂದ ತಂದ ಒಂದು ಹೇಂಟೆ, ಒಂದು ಹೆಂಚು.

ಬೆಳಿಗ್ಗೆ ಅವಳು ಕಟ್ಟಿಟ್ಟ ಬಟ್ಟೆಯ ಗಂಟನ್ನು ಹಾಗೆಯೇ ಒಯ್ದು ಮೇಜಿನ ಮೇಲಿಟ್ಟ. ಸಾಹೇಬ ಬಿಚ್ಚಿದ. ಒಂದರ ಮೇಲೊಂದು ಎರಡು ಜೋಳದ ರೊಟ್ಟಿ. ನಡುವೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಹುರಿದ ಮೊಟ್ಟೆ.

"ಯೇ ಕ್ಯಾ ಹೈ?"

"ಡಬಲ್ ರೋಟಿ, ಸಾಬ್," ಎಂದ ಅಂಬಾದಾಸ.

ಸಾಹೇಬ ಅವನ ಏಳು ತಲೆಮಾರನ್ನು ಉರ್ದುವಿನಲ್ಲಿ ತೊಳೆದು, ಹಸಿದುಕೊಂಡೇ ಜೀಪು ಹತ್ತಿದ. ಅಂಬಾದಾಸ ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅದನ್ನು ಸಿಟ್ಟಿನಿಂದ ತಿನ್ನತೊಡಗಿದ. ತಿನ್ನುತ್ತ ತಿನ್ನುತ್ತ ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಬೆರಳು ನೆಕ್ಕಿದ. ಮನೆ ಹತ್ತಿರವಾದ ಮೇಲೆ ಮತ್ತೆ ಸಿಟ್ಟು ತಂದುಕೊಂಡು ಒಳಗೆ ಹೋದ.

"ಡಬಲ್ ರೋಟಿ ಅಂದ್ರ ಬೇಕರಿದು! ಉಬ್ಬಿರತದ, ಒಂದ ದಿಂಡ ಇರತದ! ಅಷ್ಟೂ ತಿಳಿಯಂಗಿಲ್ಲೇನು?"

"ಒಂದ ರೊಟ್ಟಿ ಮ್ಯಾಲ ಇನ್ನೊಂದ ರೊಟ್ಟಿ. ಬೇಕಾರ ಎಣಸ್ರಿ," ಎಂದಳು ಹೊಸ ಹೆಂಡತಿ. "ನಂದು ಡಬಲ್ ಅಲ್ಲ, ಒಂದಽ ದಿಂಡ ಇದ್ದದ್ದು ಡಬಲ್. ಹ್ಯಾಂಗ ಅಂತ ನೀವಽ ಹೇಳ್ರಿ."

ಅವನು ಮತ್ತೆ ಬಂಗಲೆಯ ದಾರಿ ಹಿಡಿದ.

ಮರುದಿನ ಅವನ ಬುತ್ತಿಗೂ ಅದೇ ಬಂತು. ಅದರ ಮರುದಿನವೂ. ಒಳಗಿನದು ಮಾತ್ರ ದಿನಕ್ಕೊಂದು: ಮೊಟ್ಟೆಯ ಜೊತೆ ಶೇಂಗಾ ಹಿಂಡಿ, ಮೊಟ್ಟೆಯ ಜೊತೆ ಪುಂಡಿಪಲ್ಯ, ಒಮ್ಮೊಮ್ಮೆ ಬರೀ ಕೆಂಪು ಖಾರ, ಎಣ್ಣೆ. ಓಣಿಯವರು 'ದುಬಲ ರೋಟಿ' ಎಂದು ಹೆಸರಿಟ್ಟು ನಕ್ಕರು. ಸಂಜೆ ಬಂದು ಅವನು ಉಪ್ಪು ಹೆಚ್ಚೆಂದೋ ಕಡಿಮೆಯೆಂದೋ ಒಂದು ತಕರಾರು ತೆಗೆಯುತ್ತಿದ್ದ. ಬಟ್ಟೆಯಲ್ಲಿ ಒಂದು ಚೂರೂ ಉಳಿದಿರುತ್ತಿರಲಿಲ್ಲ.

*

"ಅಂಬಾದಾಸ ಭಾಯಿ, ಕೋಳಿಗೆ ಮುಂಜಾನಿಂದ ದಾಣಾ ಬಿದ್ದಿಲ್ರಿ. ಅದಕ್ಕ ಹಿಂಗ ಮಾಡಾಕತ್ತಾವ," ಎನ್ನುತ್ತ ಪಕ್ಕದ ಮನೆಯ ಮುನ್ನಿ ಬೀ ಮೊರದಲ್ಲಿ ನುಚ್ಚು ತಂದು ಹಿತ್ತಲಿಗೆ ಚೆಲ್ಲಿದಳು. ಅಂಗಳದ ಕೋಳಿಗಳೆಲ್ಲ ಜನರ ಕಾಲಡಿಯಿಂದ ಓಡಿದವು. ಇಷ್ಟು ಸಣ್ಣ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅಂಬಾದಾಸನಿಗೆ ಇನ್ನಷ್ಟು ರೇಗಿತು.

ಉತ್ತಮ ತಂದೆಯನ್ನು ಮೂಲೆಗೆ ಕರೆದ. "ಅಪ್ಪಾ, ನಾ ಹೇಳಿಕೊಡ್ತೀನಿ, ಹಂಗಽ ಅನ್ನು. ಆಕಿ ತ್ಯಾಗಮಯಿ ಇದ್ದಳು."

"ತ್ಯಾಗಾ? ಹಬ್ಬಕ್ಕ ಒಂದ ಕೋಳಿ ಕೊಯ್ಯೋಣು ಅಂದ್ರ ಮೂರ ದಿನ ಮಾತ ಬಿಡತಿದ್ದಳು!"

"ಹೋಗ್ಲಿ. ಸಹನಾಮೂರ್ತಿ ಅನ್ನು."

"ಯಾರು, ನಿಮ್ಮವ್ವಾ?"

ಮುನ್ನಿ ಬೀಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಸೆರಗಿನೊಳಗೇ ಅದು ಅಳುವಾಯಿತು. "ಹಾಯ್ ಅಲ್ಲಾ, ಆಕಿ ಬಾಯಿ ಇಲ್ಲಂದ್ರ ಓಣಿ ಹ್ಯಾಂಗ ಸುಮ್ಮ ಆಗ್ಯದ ನೋಡ್ರಿ," ಎಂದಳು.

"ಅಲ್ಲೋ ಅಪ್ಪಾ," ಉತ್ತಮನಿಗೂ ಸಾಕಾಗಿತ್ತು. ಕಣ್ಣು ಕೆಂಪಗಾಗಿದ್ದವು. "ಒಂದರೆ ಚೊಲೊ ಮಾತ ಸಿಗವಲ್ದೇನು ನಿನಗ?"

ಸಿಗುವುದಿಲ್ಲ ಎಂದು ಯಾರು ಹೇಳಿದರು? ಮಾತು ಒಳಗೆಲ್ಲೋ ಇತ್ತು. ಬೈಗುಳದ ಬಾಗಿಲು ಬಿಟ್ಟರೆ ಬೇರೆ ಕಡೆಯಿಂದ ಹೊರಗೆ ಬಂದು ರೂಢಿಯಿಲ್ಲ ಅದಕ್ಕೆ.

*

ಒಮ್ಮೆ ಹೇಂಟೆಯೊಂದು ಅವನ ಸರಕಾರಿ ಟೋಪಿಯಲ್ಲಿ ಮೊಟ್ಟೆಯಿಟ್ಟಿತ್ತು. ಮಂತ್ರಿಯೊಬ್ಬರು ಬರುವ ದಿನ. ಅಂಬಾದಾಸ ಅವಸರದಲ್ಲಿ ಟೋಪಿ ತಲೆಗೆ ಹಾಕಿಕೊಂಡ. ಲೋಳೆ ಕಿವಿಯ ಹಿಂದಿನಿಂದ ಕೊರಳಿಗೆ ಇಳಿಯಿತು.

"ಇದರ ಮನಿ ಹಾಳಾಗ್ಲಿ! ನನ್ನ ಟೊಪಗಿನಽ ಬೇಕಾಗಿತ್ತೇನು ಇದಕ್ಕ?"

ದ್ರೌಪತಿ ಬಂದು ನೋಡಿದಳು. "ಬೆಚ್ಚಗದ ಅಂತ ಇಟ್ಟದ. ನಿಮ್ಮ ತಲಿ ಇಷ್ಟ ವರ್ಷ ಅದರಾಗ ಕುಂತು ಏನ ಇಟ್ಟದ?"

ಹಾಗೆಂದು, ತನ್ನ ಸೆರಗಿನಿಂದಲೇ ಅವನ ಕೊರಳು ಒರೆಸಿದಳು. ಅವನು ಬಯ್ಯುತ್ತ ನಿಂತು ಒರೆಸಿಸಿಕೊಂಡ. ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಬಯ್ದ.

*

ಊರ ಹೊರಗಿನ ಹೊಲದಂಚಿನಲ್ಲಿ ಕುಣಿ ತೋಡಿದ್ದರು. ದ್ರೌಪತಿಯನ್ನು ಇಳಿಸಿದ್ದಾಯಿತು. ಬುದ್ಧಂ ಶರಣಂ ಆಯಿತು. ಪಂಚಶೀಲ ಆಯಿತು. ಎಲ್ಲರೂ ಬಗ್ಗಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡರು. ಮಚ್ಚೇಂದ್ರ ಅಂಬಾದಾಸನತ್ತ ತಲೆಯಾಡಿಸಿದ.

ಅಂಬಾದಾಸ ಮುಂದೆ ಬಂದ. "ನಮ್ಮ ದ್ರೌಪತಿ..." ಎಂದ. ಟವೆಲಿನಿಂದ ಮುಖ ಒರೆಸಿಕೊಂಡ. "ನಮ್ಮ ದ್ರೌಪತಿ ಭಾಳ ತ್ಯಾಗ..." ಯಾರೋ ಕೆಮ್ಮಿದರು. ಮಚ್ಚೇಂದ್ರ ತಾನೇ ಶುರು ಮಾಡಲು ಒಂದು ಹೆಜ್ಜೆ ಮುಂದಿಟ್ಟ.

ಮುಖ ಎತ್ತಲಾಗದೆ ಅಂಬಾದಾಸ ಕೆಳಗೆ ನೋಡಿದ. ಉತ್ತಮ ಮುಂಜಾನೆ ಉಡಿಸಿದ್ದ ಒಗೆದ ಧೋತರ. ಅದರ ಅಂಚಿಗೆ ಕೋಳಿ ಹಿಕ್ಕೆ ಮೆತ್ತಿತ್ತು.

"ನೋಡು!" ಎಂದು ಒದರಿದ, ಧೋತರದ ಅಂಚು ಹಿಡಿದೆತ್ತಿ ಕುಣಿಯ ಕಡೆಗೆ ತೋರಿಸುತ್ತ. "ನೋಡಿಲ್ಲೆ ನಿನ್ನ ಕೋಳಿ ಮಾಡಿದ್ದು! ಇವತ್ತರೆ ಬಿಟ್ಟಾವೇನು ನನ್ನ? ಹುಂಜ ನಿನ್ನ ಚಟ್ಟದ ಮ್ಯಾಲ ಕುಂತಿತ್ತು, ಗೊತ್ತದೇನು ನಿನಗ? ಇಷ್ಟ ವರ್ಷ ಬುತ್ತಿ ಕಟ್ಟಿ ಕೊಟ್ಟಿ, ಒಂದ ದಿನ ಒಳಗ ಏನದ ಅಂತ ಹೇಳಿದ್ದೀಯೇನು? ಒಂದ ದಿನ? ದಿನಾ ಮುಂಜಾನಿಂದ ನನಗ ಅದಽ ಧ್ಯಾಸ. ಸಾಹೇಬ ಕರದ್ರ ಕೇಳತಿದ್ದಿಲ್ಲ. ಆ ಗಂಟ ಬಿಚ್ಚೂತನಕ ನನ್ನ ಜೀವಕ್ಕ ಸಮಾಧಾನ ಇರತಿದ್ದಿಲ್ಲ. ಹುಚ್ಚ ಹಿಡಿಸಿಬಿಟ್ಟಿದ್ದಿ ನನಗ! ಈಗ ಹಿಂಗ ಹೇಳದಽ ಕೇಳದಽ ನಡದಿ. ಇದ್ಯಾವ ಪದ್ಧತಿ? ಮಾತಿಗಿ ಮಾತ ಕೊಡಾಕಿ, ಇವತ್ತ ಯಾಕ ಸುಮ್ಮ ಮಲ್ಕೊಂಡೀ?"

ಉಸಿರು ಮುಗಿದು ನಿಂತ. ಗಾಳಿಗೆ ಪಕ್ಕದ ಹೊಲದ ಜೋಳ ಅಲುಗಿತು. ಉತ್ತಮ ಮುಖ ಮುಚ್ಚಿಕೊಂಡಿದ್ದ. ಮಚ್ಚೇಂದ್ರ ಮೆಲ್ಲಗೆ ಮೊದಲ ಹಿಡಿ ಹಾಕಲು ಕೈ ಚಾಚಿದ.

"ತಡೀರಿ," ಎಂದ ಅಂಬಾದಾಸ. "ಆಕಿ ಮಾತ ಇನ್ನಾ ಆಗಿಲ್ಲ."

ಕುಣಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಿವಿ ಅವಳ ಕಡೆಗೆ ಮಾಡಿದ. ಎಲ್ಲರ ಹಿಡಿಯಲ್ಲಿದ್ದ ಮಣ್ಣು ಬೆರಳ ಸಂದಿಯಿಂದ ಸಣ್ಣಗೆ ಸೋರುತ್ತಿದ್ದರೂ ಯಾರೂ ಕೈ ಬಿಚ್ಚಲಿಲ್ಲ.