ಹರಕೆಯ ಬೆಲ್ಲ

ಸೊಸೆ ತನ್ನ ಮೊಮ್ಮಗನನ್ನು ಬೇಕಂತಲೇ ಸೊರಗಿಸುತ್ತಿದ್ದಾಳೆ ಎಂಬುದರಲ್ಲಿ ಪಕೀರಮ್ಮನಿಗೆ ಎಳ್ಳಷ್ಟೂ ಸಂಶಯ ಉಳಿದಿರಲಿಲ್ಲ. ಹುಟ್ಟಿದಾಗ ಅಂಗೈಯಗಲವಿದ್ದ ಲಕ್ಷ್ಮಣ ಬದುಕಿ ಮೈ ತುಂಬಿಕೊಂಡರೆ, ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಅವನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಹರಕೆ ಹೊತ್ತವಳು ಅವಳು. ಈಗ ಮೂರನೆಯ ತರಗತಿಯ ಹುಡುಗನಿಗೆ ಆರನೆಯ ತರಗತಿಯವರ ಚಡ್ಡಿ ಬೇಕು. ಶ್ರಾವಣದಲ್ಲಿ ತೂಗೋಣವೆಂದು ಯುಗಾದಿಗೆ ಗೊತ್ತುಮಾಡಿದ್ದೇ ತಡ, ಸೊಸೆ ಸುರೇಖಾ ಬಿಸ್ಕಿಟ್ ತರುವುದನ್ನು ನಿಲ್ಲಿಸಿದಳು, ಆಟೋ ಬಿಡಿಸಿ ಶಾಲೆಗೆ ನಡೆಸಿದಳು, ಸಂಜೆ ಮೊಬೈಲ್ ಕಸಿದು ಬಯಲಿಗೆ ಅಟ್ಟಿದಳು.

ಬೆಲ್ಲ ಉಳಿಸುವ ಹುನ್ನಾರ. ಅಷ್ಟೂ ತಿಳಿಯದವಳೇ ಪಕೀರಮ್ಮ? ಹುಡುಗ ಹೀಗೇ ದಪ್ಪಗಾದರೆ ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆ ಬರಬಹುದೆಂದು ಸಿಂಧನೂರಿನ ಡಾಕ್ಟರು ಹೇಳಿದ್ದು ನಿಜ. ಆದರೆ ಸಿಂಧನೂರು ಸೊಸೆಯ ತವರಲ್ಲವೇ? ಮೊದಲೇ ಹೇಳಿಕೊಟ್ಟಿರಬೇಕು. ಮಗ ವೀರೇಶನಂತೂ ಹೆಂಡತಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನು. ದೇವರ ಪಾಲಿಗೇ ಕನ್ನ ಹಾಕುತ್ತಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಸೊಸೆ ಆಫೀಸಿಗೆ ಹೋದ ಮೇಲೆ ಶೇಂಗಾ ಉಂಡೆ ಕಟ್ಟಿ, ಶಾಲೆಯಿಂದ ಬಂದ ಹುಡುಗನಿಗೆ ಬಾಗಿಲ ಮರೆಯಲ್ಲಿ ತಿನ್ನಿಸತೊಡಗಿದಳು.

ತೂಗುವ ದಿನ ಬಂತು. ಗುಡ್ಡದ ಮೆಟ್ಟಿಲು ಅರ್ಧ ಏರುವಷ್ಟರಲ್ಲಿ ಲಕ್ಷ್ಮಣ ಕುಳಿತುಬಿಟ್ಟ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದ.

"ಅಜ್ಜಿ, ನೀ ಮುಂದ ನಡಿ. ನನಗ ದಮ್ಮು ಹತ್ತೇತಿ."

ಮಂಡಿನೋವಿನ ಪಕೀರಮ್ಮ ಅವನಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಉಪವಾಸ ಕೆಡವಿ ನಿಶ್ಶಕ್ತಿ ಮಾಡಿದ್ದಾಳೆ ಎಂದು ಸೊಸೆಯನ್ನೇ ಮನಸ್ಸಿನಲ್ಲಿ ಬೈದುಕೊಂಡಳು.

ಮೇಲೆ ತಕ್ಕಡಿಯ ಒಂದು ತಟ್ಟೆಯಲ್ಲಿ ಹುಡುಗನನ್ನು ಕೂರಿಸಿ, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳನ್ನು ಪೇರಿಸಿದರು. ಸುರೇಖಾ ತರಿಸಿದ್ದೆಲ್ಲ ಮುಗಿದರೂ ಹುಡುಗನ ತಟ್ಟೆ ನೆಲ ಬಿಡಲಿಲ್ಲ. ನೋಡಿದಿರಾ ಎಂಬಂತೆ ಪಕೀರಮ್ಮ ಸುತ್ತ ಕಣ್ಣಾಡಿಸಿದಳು.

"ಯುಗಾದಿಗೇ ಅವನ್ನ ತೂಗಿಸಿ, ಅಷ್ಟೂ ಬೆಲ್ಲ ಅಂಗಡ್ಯಾಗ ತಗದಿಡಿಸಿದ್ನಿ ರೀ ಅತ್ತಿ," ಎಂದಳು ಸುರೇಖಾ. "ದಿನಾ ನಡಸೀನಿ, ಆಡಸೀನಿ. ಆದ್ರೂ ಹೆಂಗ ಹೆಚ್ಚಾದ?"

ಲಕ್ಷ್ಮಣ ತಲೆ ತಗ್ಗಿಸಿದ. ಅಜ್ಜಿಯ ಹೆಸರು ಹೇಳಲಿಲ್ಲ. ಅವನ ಕಣ್ಣು ಮಾತ್ರ ಮತ್ತೆ ಮತ್ತೆ ಅವಳ ಕಂಕುಳಲ್ಲಿದ್ದ ಚೀಲದತ್ತ ಹೋಗುತ್ತಿತ್ತು. ಇಳಿಯುವಾಗ ಅವನಿಗೆ ಕೊಡಲೆಂದು ತಂದ ಡಬ್ಬಿ ಅದರಲ್ಲಿತ್ತು.

ಪಕೀರಮ್ಮ ಡಬ್ಬಿ ತೆಗೆದು, ಉಂಡೆಗಳನ್ನು ಒಂದೊಂದಾಗಿ ಬೆಲ್ಲದ ಮೇಲೆ ಇಟ್ಟಳು.

"ಕಮ್ಮಿ ಬಿದ್ದದ್ದು ನನ್ನ ಹತ್ರ ಐತಿ, ತಂಗಿ."

ಸೊಸೆಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.