ಕರಿಯವ್ವನ ಹೆಸರಿನ ಗಾಡಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ವಿಮೆಯ ಕಾನೂನು ಓದಿದವರು ಬೇರೆ ಇದ್ದಾರೆ. ನನ್ನದು ಹಗಲು ದುಡಿದು, ಸಂಜೆ ಕಾಲೇಜಿನ ಬೆಂಚಿನ ಮೇಲೆ ತೂಕಡಿಸುತ್ತ ಕಲಿತ ಓದು. ಎಲ್ಲಿ ತಪ್ಪು ಹೇಳಿಬಿಡುತ್ತೇನೋ ಎಂದು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಆದರೆ ನಾಗಭೂಷಣನ ಆ ಒಂದು ಸಂಜೆಯನ್ನು ಹೇಳದೆ ಬಿಡುವುದೂ ತಪ್ಪೇ ಅನ್ನಿಸಿತು. ಹೇಳುತ್ತಿದ್ದೇನೆ, ತಿದ್ದಿಕೊಂಡು ಓದಿ.

ದಾವಣಗೆರೆಯ ಆರ್‌ಟಿಒ ಕಚೇರಿಯ ಎದುರು ಸಾಲಿನಲ್ಲಿ ಅಬ್ರಾರ್ ಸಾಹೇಬರ ಜೆರಾಕ್ಸ್ ಅಂಗಡಿ ಇದೆ. ಅದರ ಮುಂದೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಗಭೂಷಣ ಹನ್ನೊಂದು ವರ್ಷದಿಂದ ಗಾಡಿಗಳಿಗೆ ಇನ್ಶೂರೆನ್ಸ್ ಮಾಡಿಸಿಕೊಡುತ್ತಿದ್ದ. ಮೋಸದ ಮನುಷ್ಯನಲ್ಲ. ಹೆಲ್ಮೆಟ್ ಇಲ್ಲದೆ ಬಂದವರನ್ನು ಬೈಯುತ್ತಿದ್ದ, ಗಾಡಿ ಓಡಿಸುವಾಗ ಫೋನ್ ಎತ್ತಬ್ಯಾಡ್ರಪ್ಪಾ ಎಂದು ಎಲ್ಲರಿಗೂ ಹೇಳುತ್ತಿದ್ದ. ಅವನ ಮಾತಿಗೆ ಬೆಲೆಯಿತ್ತು. ತೊಂದರೆ ಶುರುವಾದದ್ದೇ ಆ ಬೆಲೆಯಿಂದ.

ನಮ್ಮ ಕಡೆ ಗಾಡಿ ಕೊಳ್ಳುವಾಗ ಬಣ್ಣ ನೋಡುವುದು ಆಮೇಲೆ, ಹೆಸರುಬಲ ನೋಡಿಸುವುದು ಮೊದಲು. ಮನೆಯಲ್ಲಿ ಯಾರ ಹೆಸರಿಗೆ ವಾಹನ ಕೂಡಿಬರುತ್ತದೆಂದು ಅಯ್ಯನವರು ಹೇಳುತ್ತಾರೋ ಅವರ ಹೆಸರಿಗೆ ಆರ್‌ಸಿ. ಹೆಂಡತಿಯದು ಕೂಡಿಬಂದರೆ ಹೆಂಡತಿಗೆ, ಅವ್ವನದು ಕೂಡಿಬಂದರೆ ಅವ್ವನಿಗೆ. ಓಡಿಸುವವನು ಮಾತ್ರ ಮನೆಯ ಗಂಡಸು. ಇದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಲ್ಲ, ನಾಗಭೂಷಣನಿಗೂ ಕಂಡಿರಲಿಲ್ಲ.

ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಅಬ್ರಾರ್ ಸಾಹೇಬರ ಮಗಳು ಹುಮಾ ಮೇಜಿನ ಆಚೆ ತುದಿಯಲ್ಲಿ ಕುಳಿತು ಓದುತ್ತಿದ್ದಳು. ಅವಳೂ ಇನ್ಶೂರೆನ್ಸ್ ಏಜೆಂಟ್ ಆಗಲು ಪರೀಕ್ಷೆ ಕಟ್ಟಿದ್ದಳು.

"ಅಂಕಲ್, ಗಾಡಿ ಪಾಲಿಸಿ ಜೊತೆ ಹದಿನೈದು ಲಕ್ಷದ ಅಪಘಾತ ವಿಮೆ ಹಾಕ್ತೀರಲ್ಲ, ಅದು ಯಾರಿಗೆ?"

"ಓಡಿಸೋರಿಗಮ್ಮ."

"ಇಲ್ಲಿ ಹಂಗಿಲ್ಲ. ಗಾಡಿ ಯಾರ ಹೆಸರಾಗೈತೋ ಅವರಿಗೆ ಅಂತೈತೆ. ಅವರ ಹತ್ರ ಲೈಸೆನ್ಸ್ ಬೇರೆ ಇರಬೇಕಂತೆ. ಮಗ ಓಡಿಸ್ತಾ ಇದ್ದು, ಗಾಡಿ ತಾಯಿ ಹೆಸರಲ್ಲಿದ್ರೆ?"

"ಮನೆಯೋರೇ ಅಲ್ವೇನಮ್ಮ, ಬರ್ತೈತೆ."

"ಎಲ್ಲೈತೆ ತೋರಿಸ್ರಿ ಅಂಕಲ್. ಪರೀಕ್ಷೆಯಾಗೆ ಹಂಗೇ ಬರೆದು ನಾನು ಫೇಲ್ ಆದ್ರೆ ನಮ್ಮ ಅಬ್ಬಾ ನಿಮ್ಮ ಮೇಜು ಎತ್ತಿ ಚರಂಡಿಗೆ ಹಾಕ್ತಾರೆ."

ತೋರಿಸಲು ನಾಗಭೂಷಣ ಪಾಲಿಸಿಯ ಹಾಳೆ ತೆಗೆದ. ಕನ್ನಡಕ ಒರೆಸಿಕೊಂಡು ಮೊದಲ ಪುಟದಿಂದ ಕೊನೆಯವರೆಗೂ ಓದಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಓದಿದ. ಎದುರಿನವರಿಗೆ ಪೆಟ್ಟಾದರೆ ಕೊಡುವ ವಿಮೆ ಗಾಡಿಯನ್ನು ಯಾರೇ ಓಡಿಸಲಿ ಉಂಟು. ಆದರೆ ಆ ಹದಿನೈದು ಲಕ್ಷ ಗಾಡಿಯ ಒಡೆಯರಿಗೆ ಮಾತ್ರ, ಅವರೇ ಓಡಿಸುತ್ತಿದ್ದಾಗ ಮಾತ್ರ, ಲೈಸೆನ್ಸ್ ಇದ್ದರೆ ಮಾತ್ರ. ಹುಮಾ ಹೇಳಿದ್ದೇ ಸರಿ.

ಕಂಪ್ಯೂಟರಿನಲ್ಲಿ ಅರ್ಜಿ ತುಂಬುವಾಗ 'ಒಡೆಯರಿಗೆ ಲೈಸೆನ್ಸ್ ಇದೆಯೇ' ಎಂದು ಒಂದು ಪ್ರಶ್ನೆ ಬರುತ್ತದೆ. ಹೌದು ಎಂದು ಒತ್ತದಿದ್ದರೆ ಮುಂದಕ್ಕೆ ಹೋಗುವುದು ತಡ. ಅವನು ಎಲ್ಲರಿಗೂ ಹೌದು ಒತ್ತುತ್ತಿದ್ದ.

ಅವನಿಗೆ ಕೂಡಲೇ ನೆನಪಾದವನು ಕೊಕ್ಕನೂರಿನ ಮೈಲಪ್ಪ. ಬೆಳಗಿನ ಐದಕ್ಕೆ ವೀಳ್ಯದೆಲೆಯ ಪೆಂಡಿಗಳನ್ನು ಬೈಕಿಗೆ ಕಟ್ಟಿಕೊಂಡು ಹೊರಟು, ದಾವಣಗೆರೆಯ ಪಾನ್ ಅಂಗಡಿಗಳಿಗೆಲ್ಲ ಎಲೆ ಹಾಕಿ, ಕತ್ತಲಾಗುವ ಹೊತ್ತಿಗೆ ಊರು ಸೇರುವ ಹುಡುಗಾಟದ ಆಳು. ಮದುವೆಯಾಗಿಲ್ಲ, ಮನೆಯಲ್ಲಿ ಅವ್ವ ಒಬ್ಬಳೇ. ಗಾಡಿ ಅವ್ವ ಕರಿಯವ್ವನ ಹೆಸರಿನಲ್ಲಿ. ಹೋದ ವಾರ ಪಾಲಿಸಿ ಮಾಡಿಸಲು ಬಂದಾಗ ಕೇಳಿದ್ದ:

"ಸಾರ್, ನನಗೇನರ ಹೆಚ್ಚುಕಮ್ಮಿ ಆದ್ರೆ ಅವ್ವಗೆ ಏನರ ಬರ್ತೈತಾ?"

"ಹದಿನೈದು ಲಕ್ಷ ಐತೆ ಬಿಡಪ್ಪ."

"ಹಂಗಾದ್ರೆ ನಮ್ಮೂರ ಸೊಸೈಟಿಯೋರು ಅಪಘಾತ ವಿಮೆಗೆ ಹೆಸರು ಬರ್ಕೊಳ್ಳಾಕತ್ತಾರೆ. ಸೇರ್ಲಾ ಬ್ಯಾಡಾ?"

"ಎರಡೆರಡು ಯಾಕ? ಒಂದು ಮಳೆಗೆ ಎರಡು ಕೊಡೆ ಹಿಡಿತಾರೇನೋ?"

ಮೈಲಪ್ಪ ನಕ್ಕು ಹೋಗಿದ್ದ. ಈಗ ನೋಡಿದರೆ ಅವನ ತಲೆಯ ಮೇಲೆ ಒಂದು ಕೊಡೆಯೂ ಇರಲಿಲ್ಲ. ಇದ್ದ ಒಂದನ್ನೂ ನಾಗಭೂಷಣನೇ ಕಿತ್ತುಕೊಂಡಿದ್ದ. ಸೊಸೈಟಿಯ ಪಟ್ಟಿ ಮುಗಿಯುವುದು, ಮೈಲಪ್ಪ ಹೇಳಿದ್ದ ಪ್ರಕಾರ, ನಾಳೆ ಬೆಳಗ್ಗೆ.

ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಗಾಡಿ ಮೇಲಿದ್ದಾನೆ, ಎತ್ತುವುದಿಲ್ಲ. ಎತ್ತಬಾರದೆಂದು ಕಲಿಸಿದವನು ತಾನೇ. ಹುಮಾ ರಿಜಿಸ್ಟರ್ ತೆಗೆದು ಬೇರೆಯವರ ಹೆಸರು ಹುಡುಕತೊಡಗಿದಳು. ಹೆಂಗಸಿನ ಹೆಸರಿನ ಗಾಡಿ, ಗಂಡಸಿನ ಫೋನ್ ನಂಬರ್. ಹದಡಿಯ ಗುತ್ತೆಪ್ಪ, ಗಾಡಿ ಹೆಂಡತಿಯ ಹೆಸರಿನಲ್ಲಿ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಪುಟ ತಿರುವಿದಷ್ಟೂ ಅಂಥವರೇ.

"ಅಂಕಲ್, ಸುಮಾರು ಜನ ಅದಾರೆ. ಕೂಡ್ರಿ, ನೀರು ಕುಡೀರಿ."

ನಾಗಭೂಷಣ ಕೂರಲಿಲ್ಲ. "ನೀನು ಒಬ್ಬೊಬ್ಬರಿಗೇ ಮಾಡ್ತಿರಮ್ಮ. ನಾನು ಕೊಕ್ಕನೂರಿಗೆ ಹೋಗಿ ಬರ್ತೀನಿ" ಎಂದು ಸ್ಕೂಟರ್ ಹತ್ತಿದ.

ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆಗೆ ಹೊರಟವನಿಗೆ ಮನಸ್ಸು ನಿಲ್ಲಲಿಲ್ಲ. ತನ್ನನ್ನು ದಾಟಿ ಹೋದ ಪ್ರತಿ ಬೈಕಿನಲ್ಲೂ ಮೈಲಪ್ಪನ ಮುಖ ಹುಡುಕಿದ. ಹಿಂದೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಹಾಕಿದಾಗಲೇ ತಾನು ರಸ್ತೆಯ ನಡುವೆ ಹೋಗುತ್ತಿದ್ದೇನೆಂದು ತಿಳಿದದ್ದು. ವೇಗದ ಮುಳ್ಳು ಅರವತ್ತೈದರ ಮೇಲಿತ್ತು. ಹೆಲ್ಮೆಟ್ಟಿನ ಪಟ್ಟಿ ಹಾಕದೆ ಗಲ್ಲದ ಕೆಳಗೆ ಜೋತಾಡುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಪಟ್ಟಿ ಬಿಗಿದ. ಅಲ್ಲಿ, ಹರಿಹರಕ್ಕೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ, ಅವನಿಗೆ ಇನ್ನೊಂದು ಹೊಳೆಯಿತು. ತಾನು ಕುಳಿತಿರುವ ಈ ಸ್ಕೂಟರ್ ಹೆಂಡತಿ ಆಶಾಳ ಹೆಸರಿನಲ್ಲಿದೆ. ಆಶಾ ಸೈಕಲ್ಲನ್ನೂ ಹತ್ತಿದವಳಲ್ಲ. ಅವಳ ಅರ್ಜಿಯಲ್ಲೂ ಅವನು ಹೌದು ಒತ್ತಿದ್ದ.

ನಗು ಬಂತು. ಸ್ಕೂಟರನ್ನು ರಸ್ತೆಯ ಎಡಕ್ಕೆ ಹಿಡಿದು ನಿಧಾನವಾಗಿ ಹೊರಟ.

ಹರಿಹರ ದಾಟಿ ಹಳ್ಳಿಯ ರಸ್ತೆಗೆ ತಿರುಗುವ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಮೆಕ್ಕೆಜೋಳ ಒಕ್ಕುವ ಕಾಲ. ಡಾಂಬರು ರಸ್ತೆಯ ಅರ್ಧಕ್ಕೆ ಜೋಳ ಹರವಿದ್ದರು. ಕಣ ಮಾಡುವ ಜಾಗವಿಲ್ಲದವರಿಗೆ ರಸ್ತೆಯೇ ಕಣ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಕಾಳು ಬೇಗ ಒಣಗುತ್ತದೆ. ಗಾಡಿಗಳು ಕಾಳಿನ ಮೇಲೆ ಹತ್ತದಿರಲೆಂದು ಅಂಚಿಗೆ ಸಾಲಾಗಿ ತಲೆಗಾತ್ರದ ಕಲ್ಲು ಇಡುತ್ತಾರೆ. ಸಂಜೆ ಜೋಳ ಗುಡ್ಡೆ ಮಾಡಿ ತಾಡಪಾಲು ಮುಚ್ಚಿ ಮನೆಗೆ ಹೋಗುತ್ತಾರೆ. ನಾಳೆ ಮತ್ತೆ ಬೇಕಲ್ಲ ಎಂದು ಕಲ್ಲು ಅಲ್ಲೇ ಬಿಡುತ್ತಾರೆ.

ಊರು ಇನ್ನೇನು ಬಂತು ಅನ್ನುವಾಗ ಎದುರಿನಿಂದ ಟ್ರ್ಯಾಕ್ಟರ್ ಬಂತು. ಅದರ ದೀಪ ಕಣ್ಣಿಗೆ ಹೊಡೆಯಿತು. ನಾಗಭೂಷಣ ಎಡಕ್ಕೆ ಸರಿದ. ಚಕ್ರ ಯಾವುದಕ್ಕೋ ಬಡಿಯಿತು, ಸ್ಕೂಟರ್ ಮಗುಚಿತು, ಅವನು ಜೋಳದ ಗುಡ್ಡೆಯ ಮೇಲೆ ಅಂಗೈ ಊರಿ ಬಿದ್ದ. ಹೆಲ್ಮೆಟ್ ನೆಲಕ್ಕೆ ಠಕ್ಕೆಂದಿತು.

"ಯಪ್ಪಾ! ಸತ್ತೆಯೇನೋ!" ಎನ್ನುತ್ತ ಮುದುಕಿಯೊಬ್ಬಳು ಪೊರಕೆ ಬಿಸಾಡಿ ಓಡಿಬಂದಳು. ರಟ್ಟೆ ಹಿಡಿದು ಎಬ್ಬಿಸಿದಳು. "ಕಣ್ಣು ಎಲ್ಲಿಟ್ಟಿದ್ದೆ ತಮ್ಮಾ? ಇಷ್ಟು ದೊಡ್ಡ ಕಲ್ಲು ಕಾಣಂಗಿಲ್ಲ?"

"ಯಾರು ಇಟ್ಟಿದ್ದವ್ವ ಇದನ್ನ?"

"ಇನ್ಯಾರು, ನಾನೇ. ನನ್ನ ಜೋಳದ ಮ್ಯಾಲೆ ನಿಮ್ಮ ಗಾಡಿ ಹತ್ತಿಸಿದ್ರೆ?" ಸೆರಗಿನ ತುದಿ ಹರಿದು ಅಂಗೈಗೆ ಸುತ್ತಿದಳು. "ಯಾರ ಮನೆಗೆ ಬಂದಿ?"

"ಮೈಲಪ್ಪನ ಮನೆಗೆ."

"ನಾನೇ ಅವನವ್ವ."

ನಾಗಭೂಷಣ ಅಲ್ಲೇ ತಾಡಪಾಲಿನ ಅಂಚಿಗೆ ಕುಳಿತು ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಉಳಿದಿರಲಿಲ್ಲ. ಗಾಡಿ ನಿಮ್ಮ ಹೆಸರಲ್ಲಿದೆ, ಮೈಲಪ್ಪ ಬಿದ್ದರೆ ಏನೂ ಬರುವುದಿಲ್ಲ, ಬರುತ್ತದೆಂದು ನಾನು ಹೇಳಿದ್ದೆ, ತಪ್ಪಾಯಿತು.

"ಅಂದ್ರೆ ಸುಳ್ಳು ಹೇಳಿದ್ದಿ."

"ಓದದೇ ಹೇಳಿದ್ದೆವ್ವ."

"ಎರಡೂ ಒಂದೇ ಅಲ್ಲೇನು?"

ನಾಗಭೂಷಣ ಹೆಲ್ಮೆಟ್ ಬಿಚ್ಚಿ ಪಕ್ಕಕ್ಕೆ ಇಟ್ಟ.

ಕರಿಯವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಗಾಡಿ ಅವನ ಹೆಸರಿಗೆ ಮಾಡ್ರಿ ಅಂತ ಬಂದಿದ್ರೆ ಹಂಗೇ ತಿರುಗಿ ಹೋಗು. ನನ್ನ ಹೆಸರಾಗೈತೆ ಅಂತಾನೇ ಆರು ವರ್ಷದಾಗೆ ಅವನ ಕಾಲಿಗೊಂದು ಮುಳ್ಳು ಚುಚ್ಚಿಲ್ಲ. ಅವನಪ್ಪ ತನ್ನ ಹೆಸರಿಗೆ ಮಾಡಿಸಿದ ಗಾಡಿಯಾಗೇ ಹೋದ. ನಿಮ್ಮ ಕಾಗದಕ್ಕಿಂತ ನನ್ನ ಹೆಸರು ಗಟ್ಟಿ."

"ಗಾಡಿ ನಿಮ್ಮ ಹೆಸರಲ್ಲೇ ಇರ್ಲಿ. ಸೊಸೈಟಿ ವಿಮೆ ಮನುಷ್ಯನ ಮೇಲೆ, ಗಾಡಿ ಮೇಲಲ್ಲ. ಯಾವ ಗಾಡಿ ಹತ್ತಿದ್ರೂ ಅವನ ಜೊತಿಗೇ ಇರ್ತೈತೆ. ನಾಳೆ ಒಂದೇ ದಿನ ಉಳಿದೈತವ್ವ."

"ಮಗ ಸತ್ರೆ ಇಷ್ಟು ಅಂತ ಬರೆದುಕೊಡಲಾ ನಾನು?"

ಅಷ್ಟರಲ್ಲಿ ದೂರದಲ್ಲಿ ಬೈಕಿನ ಸದ್ದು ಕೇಳಿತು. ಸೈಲೆನ್ಸರ್ ಸ್ವಲ್ಪ ಒಡೆದ ಸದ್ದು. "ನಮ್ಮ ಮೈಲಪ್ಪಂದು" ಎಂದಳು ಕರಿಯವ್ವ. ಹಾಗೆನ್ನುತ್ತಲೇ ಅವಳ ಕಣ್ಣು ನಾಗಭೂಷಣನ ಅಂಗೈಯ ಬಟ್ಟೆಗೆ ಹೋಯಿತು. ಬಟ್ಟೆ ಆಗಲೇ ಕೆಂಪಾಗಿತ್ತು. ಅಲ್ಲಿಂದ ರಸ್ತೆಗೆ ಹೋಯಿತು. ಕಲ್ಲಿನ ಸಾಲು ಕತ್ತಲಲ್ಲಿ ಕಾಣುತ್ತಿರಲಿಲ್ಲ.

ಅವಳು ಬಾಗಿದಳು, ಒಂದು ಕಲ್ಲು ಎತ್ತಿ ಗಟಾರಕ್ಕೆ ಎಸೆದಳು. ಇನ್ನೊಂದು. ನಾಗಭೂಷಣನೂ ಗಾಯದ ಕೈಯಲ್ಲೇ ಎತ್ತತೊಡಗಿದ. ಸದ್ದು ಹತ್ತಿರವಾಯಿತು. ಸಾಲು ಉದ್ದವಿತ್ತು, ಆಚೆ ತುದಿ ಸಿಗುವಂತಿರಲಿಲ್ಲ. "ಬೇಗ, ಬೇಗ" ಎಂದು ಕರಿಯವ್ವ ತನಗೇ ಹೇಳಿಕೊಳ್ಳುತ್ತಿದ್ದಳು. ನಾಗಭೂಷಣ ಫೋನಿನ ಬೆಳಕು ಹಚ್ಚಿಕೊಂಡು ರಸ್ತೆಯ ಬದಿಯಲ್ಲೇ ಓಡಿ, ಕೈ ಎತ್ತಿ ಬೀಸಿದ.

ಬೈಕು ಆಚೆ ತುದಿಯ ಕಲ್ಲಿಗೆ ಹತ್ತು ಮಾರು ಇರುವಾಗ ನಿಂತಿತು.

"ಯಾರ್ರೀ ಅದು? ಲೈಸೆನ್ಸ್ ಐತ್ರೀ, ಹೆಲ್ಮೆಟ್ಟೂ ಐತೆ, ಬಿಡ್ರೀ ಮನೆಗೆ!"

"ನಾನಪ್ಪ, ನಾಗಭೂಷಣ."

"ಸಾರ್? ಇದೇನು, ಈಗ ರಸ್ತೆಯಾಗೇ ನಿಂತು ಇನ್ಶೂರೆನ್ಸ್ ಮಾಡ್ತೀರಾ?" ಮೈಲಪ್ಪ ಇಳಿದ. ಏದುಸಿರು ಬಿಡುತ್ತಿದ್ದ ಅವ್ವನನ್ನು ನೋಡಿ ನಗು ನಿಲ್ಲಿಸಿದ. "ಯಾಕವ್ವ?"

"ಕಲ್ಲು" ಎಂದಳು.

"ನಿನ್ನ ಕಲ್ಲು ನನಗೆ ಗೊತ್ತಿಲ್ಲೇನು? ದಿನಾ ಸುತ್ತು ಹಾಕ್ಕೊಂಡೇ ಬರ್ತೀನಿ."

"ನನ್ನವು ಗೊತ್ತು. ದಾರಿಯಾಗಿನ ಬ್ಯಾರೆ ಅವ್ವಂದಿರವು?"

ಮೈಲಪ್ಪ ಬಾಗಿ ಒಂದು ಕಲ್ಲು ಎತ್ತಿದ. ಮೂವರೂ ಸೇರಿ ಉಳಿದ ಕಲ್ಲುಗಳನ್ನು ತೆಗೆದರು.

ಮನೆಗೆ ಹೋಗಿ ದೀಪದ ಕೆಳಗೆ ಕುಳಿತಾಗ ನಾಗಭೂಷಣ ಇನ್ನೊಂದು ಸಲ, ಈಗ ಮಗನ ಮುಂದೆ, ತಪ್ಪು ಒಪ್ಪಿಕೊಂಡ. ಮೈಲಪ್ಪ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗೂಡಿನಲ್ಲಿ ಮಡಚಿಟ್ಟಿದ್ದ ಸೊಸೈಟಿಯ ಅರ್ಜಿಯನ್ನು ತೆಗೆದ, ಅವ್ವನ ಮುಖ ನೋಡಿದ. ನಾಗಭೂಷಣ ಈ ಸಲ ಅರ್ಜಿಯ ಒಂದೊಂದು ಸಾಲನ್ನೂ ಬೆರಳಿಟ್ಟು ಜೋರಾಗಿ ಓದಿದ. ಯಾವಾಗ ಸಿಗುತ್ತದೆ, ಎಷ್ಟು ಸಿಗುತ್ತದೆ, ಕುಡಿದು ಓಡಿಸಿದರೆ ಇಲ್ಲ, ಲೈಸೆನ್ಸ್ ಮುಗಿದಿದ್ದರೆ ಇಲ್ಲ. ಲೈಸೆನ್ಸ್ ತರಿಸಿ ತಾರೀಕು ನೋಡಿದ. ತನಗೆ ಅರ್ಥವಾಗದ ಒಂದು ಸಾಲು ಬಂದಾಗ "ಇದು ನನಗೂ ತಿಳಿಯಲಿಲ್ಲ, ನಾಳೆ ಸೊಸೈಟಿಯಾಗೆ ಕೇಳ್ರಿ" ಎಂದ.

"ಆ ದುಡ್ಡು ಯಾರ ಹೆಸರಿಗೆ ಬರ್ತೈತೆ?" ಕರಿಯವ್ವ ಕೇಳಿದಳು.

"ನಿಮ್ಮ ಹೆಸರು ಬರೀಬೇಕು."

"ಅಂದ್ರೆ ಇದರಾಗೂ ನನ್ನ ಹೆಸರು ಇರ್ತೈತೆ."

"ಇರ್ತೈತವ್ವ."

ಅವಳು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ಹಂಗಾದ್ರೆ ನನ್ನ ಹೆಸರು ಮೊದಲು ಬರೀರಿ. ಅವನದು ಆಮೇಲೆ."

ಅರ್ಜಿಯಲ್ಲಿ ಅವನ ಹೆಸರಿನ ಜಾಗವೇ ಮೇಲಿತ್ತು. ನಾಗಭೂಷಣ ಅದನ್ನು ಖಾಲಿ ಬಿಟ್ಟು ಕೆಳಗಿನ ಜಾಗದಲ್ಲಿ ಕರಿಯವ್ವ ಎಂದು ಮೊದಲು ಬರೆದ. ಆಮೇಲೆ ಮೇಲೆ ಹೋಗಿ ಮೈಲಪ್ಪ ಎಂದು ಬರೆದ. ಮಗ ಸಹಿ ಹಾಕಿದ. ಬೆಳಗ್ಗೆ ಅವನು ಎಲೆ ತೆಗೆದುಕೊಂಡು ಐದಕ್ಕೇ ಹೊರಡುವವನಾದ್ದರಿಂದ ಅರ್ಜಿಯನ್ನು ಕರಿಯವ್ವನೇ ಸೊಸೈಟಿಗೆ ಒಯ್ದು ಕೊಟ್ಟಳು. ರಸೀದಿಯ ಫೋಟೋ ಮಧ್ಯಾಹ್ನದೊಳಗೆ ನಾಗಭೂಷಣನ ಫೋನಿಗೆ ಬಂತು.

ಆಶಾಳ ಹೆಸರಿನ ಸ್ಕೂಟರ್ ಈಗಲೂ ಆಶಾಳ ಹೆಸರಿನಲ್ಲೇ ಇದೆ. ನಾಗಭೂಷಣ ತನ್ನ ಮೇಲೊಂದು ಬೇರೆ ಅಪಘಾತ ವಿಮೆ ಮಾಡಿಸಿಕೊಂಡಿದ್ದಾನೆ. ಲೈಸೆನ್ಸಿನ ಪ್ರಶ್ನೆ ಬಂದಾಗ ಈಗ ಮೇಜಿನ ಈಚೆಯಿಂದ ತಲೆ ಎತ್ತಿ ಕೇಳುತ್ತಾನೆ. ಗಿರಾಕಿಗಳು ಕಡಿಮೆಯಾಗಿದ್ದಾರೆ, ಪಕ್ಕದ ಮೇಜಿನಲ್ಲಿ ಬೇಗ ಕೆಲಸವಾಗುತ್ತದೆ. ಹುಮಾ ಪರೀಕ್ಷೆ ಪಾಸಾಗಿದ್ದಾಳೆ. ರಿಜಿಸ್ಟರಿನಲ್ಲಿ ಅವಳು ಗುರುತು ಹಾಕಿದ ಹೆಸರುಗಳಲ್ಲಿ ಒಂದನ್ನು ಬಿಟ್ಟು ಎಲ್ಲರಿಗೂ ವಿಷಯ ಮುಟ್ಟಿದೆ.

ಆ ಒಂದು ಹದಡಿಯ ಗುತ್ತೆಪ್ಪನದು. ನಾಗಭೂಷಣ ಹದಡಿಗೆ ಎರಡು ಸಲ ಹೋಗಿಬಂದ. ಬಾಡಿಗೆ ಮನೆ ಬಿಟ್ಟು ಹೋಗಿದ್ದಾರೆ ಎಂದರು ಅಕ್ಕಪಕ್ಕದವರು. ಕೆಲಸಕ್ಕೆ ಹೋದರು ಎಂದು ಒಬ್ಬರು, ಏನೋ ತೊಂದರೆಯಾಗಿತ್ತು ಎಂದು ಇನ್ನೊಬ್ಬರು. ಅವನು ಇನ್ನೂ ಆ ಗಾಡಿಯನ್ನು ಓಡಿಸುತ್ತಿದ್ದಾನೋ, ಹದಿನೈದು ಲಕ್ಷ ಇದೆಯೆಂದು ಈಗಲೂ ನಂಬಿದ್ದಾನೋ, ಅಥವಾ ಅವನ ಹೆಂಡತಿ ಎಲ್ಲಾದರೂ ಆ ಕಾಗದ ಹಿಡಿದು ಯಾವುದಾದರೂ ಕಚೇರಿಯ ಮುಂದೆ ನಿಂತಿದ್ದಾಳೋ, ನನಗೆ ಗೊತ್ತಿಲ್ಲ. ನಾಗಭೂಷಣನಿಗೂ ಗೊತ್ತಿಲ್ಲ.